ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್: ಕಂಪ್ಯೂಟರನ್ನು ತರಗತಿಗೆ ತಂದ ಧರ್ಮಭಗಿನಿ

ಧರ್ಮಭಗಿನಿಯರು ನಡೆಸುವ ಶಾಲೆಗಳಲ್ಲಿ ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ. ಸಿಸ್ಟರ್ ಎಂದೊಡನೆ ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದ, ಕಾಪಿ ಪುಸ್ತಕ ತಿದ್ದುತ್ತಿದ್ದ, ತಪ್ಪಿದಾಗ ಗದರಿ ಮರುಗಳಿಗೆ ಹತ್ತಿರ ಕರೆದು ಹೇಳಿಕೊಡುತ್ತಿದ್ದ ಟೀಚರೊಬ್ಬರ ಮುಖ ನಮ್ಮ ಕಣ್ಣ ಮುಂದೆ ಬರುತ್ತದೆ. ಕಂಪ್ಯೂಟರ್ ವಿಜ್ಞಾನದ ಚರಿತ್ರೆಯ ಮೊದಲ ಪುಟಗಳಲ್ಲಿಯೂ ಅಂತಹ ಒಬ್ಬ ಟೀಚರ ಹೆಸರಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಅವರೇ ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್.

1965ರ ಜೂನ್ 7ರಂದು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯವು ಅವರಿಗೆ ಕಂಪ್ಯೂಟರ್ ವಿಜ್ಞಾನದಲ್ಲಿ ಪಿಎಚ್.ಡಿ. ಪದವಿಯನ್ನು ನೀಡಿತು. ಆ ದೇಶದಲ್ಲಿ ಈ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಅವರು. ಅದೇ ದಿನ ಸೈಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಟ್ಯಾಂಗ್ ಎಂಬವರೂ ಇದೇ ವಿಷಯದಲ್ಲಿ ಡಾಕ್ಟರೇಟ್ ಪಡೆದರು. ಹೀಗೆ ಅಮೆರಿಕದ ಮೊದಲ ಇಬ್ಬರು ಕಂಪ್ಯೂಟರ್ ವಿಜ್ಞಾನ ಡಾಕ್ಟರುಗಳಲ್ಲಿ ಒಬ್ಬರು ಕನ್ಯಾಸ್ತ್ರೀ. ಆಗ ಅವರಿಗೆ 51 ವರ್ಷ.

ಅಂತಹ ಪದವಿ ಕೈಯಲ್ಲಿದ್ದವರಿಗೆ ಆ ದಿನಗಳಲ್ಲಿ ದೊಡ್ಡ ವಿಶ್ವವಿದ್ಯಾನಿಲಯಗಳಾಗಲಿ ಸಂಶೋಧನಾಲಯಗಳಾಗಲಿ ದೂರವಿರಲಿಲ್ಲ. ಆದರೆ ಸಿಸ್ಟರ್ ಕೆಲ್ಲರ್ ಹೋದದ್ದು ಅಯೋವಾ ರಾಜ್ಯದ ಡುಬ್ಯೂಕ್ ಎಂಬ ಪಟ್ಟಣದಲ್ಲಿ ತಮ್ಮ ಸಭೆಯವರೇ ನಡೆಸುತ್ತಿದ್ದ ಚಿಕ್ಕ ಮಹಿಳಾ ಕಾಲೇಜಿಗೆ. ಅವರ ಬದುಕಿನ ನಿಜವಾದ ಕಥೆ ಇರುವುದು ಪದವಿಯಲ್ಲಲ್ಲ, ಆ ಪದವಿಯನ್ನು ಅವರು ಹೊತ್ತು ತಂದ ಆ ತರಗತಿಯಲ್ಲಿ.

ಬಾಲ್ಯ ಮತ್ತು ದೈವಕರೆ

ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿ 1913ರ ಡಿಸೆಂಬರ್ 17ರಂದು ಜಾನ್ ಕೆಲ್ಲರ್ ಮತ್ತು ಕ್ಯಾಥರಿನ್ ದಂಪತಿಗೆ ಜನಿಸಿದ ಮಗುವಿಗೆ ಈವ್ಲಿನ್ ಮೇರಿ ಎಂದು ಹೆಸರಿಟ್ಟರು. 1932ರಲ್ಲಿ, ತನ್ನ 18ನೇ ವಯಸ್ಸಿನಲ್ಲಿ, ಈವ್ಲಿನ್ ಸಿಸ್ಟರ್ಸ್ ಆಫ್ ಚಾರಿಟಿ ಆಫ್ ದ ಬ್ಲೆಸ್ಡ್ ವರ್ಜಿನ್ ಮೇರಿ ಸಭೆಯನ್ನು ಸೇರಿದರು. ಸಂಕ್ಷೇಪವಾಗಿ ಇದನ್ನು ಬಿ.ವಿ.ಎಂ. ಸಭೆ ಎನ್ನುತ್ತಾರೆ. 1940ರಲ್ಲಿ ಅವರು ವ್ರತಗಳನ್ನು ಸ್ವೀಕರಿಸಿದರು. ಸಭೆಯಲ್ಲಿ ಅವರಿಗೆ ಸಿಕ್ಕಿದ ಹೆಸರು ಮೇರಿ ಕೆನೆತ್.

ಈ ಸಭೆಯ ಹುಟ್ಟಿನ ಕಥೆಯನ್ನು ಇಲ್ಲಿ ಸ್ವಲ್ಪ ಹೇಳಲೇಬೇಕು. 1833ರಲ್ಲಿ ಮೇರಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಮಹಿಳೆಯ ನಾಯಕತ್ವದಲ್ಲಿ ಐವರು ಸ್ತ್ರೀಯರು ಐರ್ಲೆಂಡಿನ ಡಬ್ಲಿನ್ ನಗರದಿಂದ ಹಡಗು ಹತ್ತಿ ಅಮೆರಿಕಕ್ಕೆ ಹೊರಟರು. ವಲಸೆ ಬಂದ ಬಡವರ ಮಕ್ಕಳಿಗೆ ಪಾಠ ಹೇಳುವುದು ಅವರ ಉದ್ದೇಶವಾಗಿತ್ತು. ಹಡಗಿನಿಂದ ಇಳಿಯುವಾಗ ಅವರ ಕೂಡಿಟ್ಟ ಹಣದ ಚೀಲವೇ ನೀರು ಪಾಲಾಯಿತೆಂದು ಸಭೆಯ ಚರಿತ್ರೆ ಹೇಳುತ್ತದೆ. ಬರಿಗೈಯಲ್ಲಿ ಫಿಲಡೆಲ್ಫಿಯಾ ಸೇರಿದ ಅವರು ಅಲ್ಲಿ ಶಾಲೆ ತೆರೆದರು. ಹತ್ತು ವರ್ಷಗಳ ನಂತರ, 1843ರಲ್ಲಿ, ಡುಬ್ಯೂಕ್‌ನ ಪ್ರಥಮ ಬಿಷಪ್ ಮಥಾಯಸ್ ಲೋರಾಸ್‌ರವರ ಕರೆಯಂತೆ ಮಿಸಿಸಿಪ್ಪಿ ನದಿಯ ದಂಡೆಯಲ್ಲಿದ್ದ ಆ ಊರಿಗೆ ಬಂದು ಹೆಣ್ಣುಮಕ್ಕಳಿಗಾಗಿ ಒಂದು ಶಾಲೆಯನ್ನು ಆರಂಭಿಸಿದರು. ಆ ಶಾಲೆಯೇ ಬೆಳೆದು ಕ್ಲಾರ್ಕ್ ಕಾಲೇಜಾಯಿತು. ಸಿಸ್ಟರ್ ಕೆಲ್ಲರ್‌ರವರ ಬದುಕಿನ ಮುಖ್ಯ ಅಧ್ಯಾಯ ನಡೆದದ್ದು ಇದೇ ಕಾಲೇಜಿನಲ್ಲಿ.

ಕಲಿಸುತ್ತ ಕಲಿತವರು

ಈವ್ಲಿನ್ ಕಾನ್ವೆಂಟ್ ಸೇರಿದಾಗ ಪ್ರಪಂಚದಲ್ಲಿ ಎಲೆಕ್ಟ್ರಾನಿಕ್ ಕಂಪ್ಯೂಟರ್ ಎಂಬ ವಸ್ತುವೇ ಇರಲಿಲ್ಲ. ಎನಿಯಾಕ್ ಎಂಬ ಭಾರೀ ಯಂತ್ರವನ್ನು ಅಮೆರಿಕದಲ್ಲಿ ಸಾರ್ವಜನಿಕರ ಮುಂದಿಟ್ಟದ್ದು 1946ರಲ್ಲಿ, ಅಂದರೆ ಅವರು ವ್ರತ ಸ್ವೀಕರಿಸಿ ಆರು ವರ್ಷಗಳಾದ ಮೇಲೆ. ಅವರ ಆಸಕ್ತಿಯ ವಿಷಯ ಗಣಿತ. ಶಿಕಾಗೋ ನಗರದ ಡಿಪಾಲ್ ವಿಶ್ವವಿದ್ಯಾನಿಲಯದಿಂದ 1943ರಲ್ಲಿ ಗಣಿತದಲ್ಲಿ ಬಿ.ಎಸ್ಸಿ. ಪದವಿ, ಹತ್ತು ವರ್ಷಗಳ ನಂತರ 1953ರಲ್ಲಿ ಅದೇ ವಿಶ್ವವಿದ್ಯಾನಿಲಯದಿಂದ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಪದವಿ ಪಡೆದರು.

ಎರಡು ಪದವಿಗಳ ನಡುವೆ ಇಷ್ಟು ವರ್ಷಗಳ ಅಂತರವೇಕೆ ಎಂದು ಯಾರಾದರೂ ಕೇಳಬಹುದು. ಬೋಧನಾ ಸಭೆಗಳ ಸಿಸ್ಟರುಗಳು ವರ್ಷವಿಡೀ ಶಾಲೆಗಳಲ್ಲಿ ಪಾಠ ಹೇಳಿ, ಬೇಸಗೆ ರಜೆಯಲ್ಲಿ ಮಾತ್ರ ತಾವು ವಿದ್ಯಾರ್ಥಿಗಳಾಗಿ ಕಾಲೇಜಿಗೆ ಹೋಗುವುದು ಆ ಕಾಲದ ಅಮೆರಿಕದಲ್ಲಿ ಸಾಮಾನ್ಯವಾಗಿತ್ತು. ಒಂದು ಪದವಿ ಮುಗಿಯಲು ಹತ್ತು ಹದಿನೈದು ಬೇಸಗೆಗಳೇ ಹಿಡಿಯುತ್ತಿದ್ದವು. ಸಿಸ್ಟರ್ ಕೆಲ್ಲರ್ ಆ ಪೀಳಿಗೆಗೆ ಸೇರಿದವರು. ಕಲಿಸುವುದು ಮತ್ತು ಕಲಿಯುವುದು ಅವರ ಪಾಲಿಗೆ ಜೊತೆಜೊತೆಯಾಗಿಯೇ ನಡೆದವು.

1957ರ ಅಕ್ಟೋಬರ್ 4ರಂದು ಸೋವಿಯೆತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ವಿಜ್ಞಾನದಲ್ಲಿ ತಾವು ಹಿಂದೆ ಬಿದ್ದೆವೆಂಬ ಅಂಜಿಕೆ ಅಮೆರಿಕದವರನ್ನು ಕಾಡಿತು. ಮರುವರ್ಷವೇ ಅಲ್ಲಿನ ಸಂಸತ್ತು ಶಿಕ್ಷಣಕ್ಕಾಗಿ ದೊಡ್ಡ ಮೊತ್ತವನ್ನು ಮೀಸಲಿಡುವ ಕಾಯಿದೆಯನ್ನು ಮಾಡಿತು. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ವಿಜ್ಞಾನ ಮತ್ತು ಗಣಿತ ಶಿಕ್ಷಕರಿಗಾಗಿ ದೇಶದ ನಾನಾ ಕಾಲೇಜುಗಳಲ್ಲಿ ಬೇಸಗೆ ಶಿಬಿರಗಳನ್ನು ಇನ್ನಷ್ಟು ವಿಸ್ತರಿಸಿತು. ರಾಜಕೀಯದ ಪೈಪೋಟಿ ಏನೇ ಇರಲಿ, ಸಾವಿರಾರು ಸಾಮಾನ್ಯ ಟೀಚರುಗಳಿಗೆ ಅದರಿಂದ ಉಪಕಾರವಾಯಿತು. ಅಂತಹ ಒಂದು ಶಿಬಿರಕ್ಕಾಗಿ ಸಿಸ್ಟರ್ ಕೆಲ್ಲರ್ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಡಾರ್ಟ್‌ಮತ್ ಕಾಲೇಜಿಗೆ ಹೋದರು. ಅದು ಗಂಡುಮಕ್ಕಳ ಕಾಲೇಜು. ಅಲ್ಲಿ ಪದವಿ ತರಗತಿಗಳಿಗೆ ಹುಡುಗಿಯರನ್ನು ಸೇರಿಸಲು ಆರಂಭಿಸಿದ್ದು 1972ರಲ್ಲಿ. ಅಂತಹ ಜಾಗದಲ್ಲಿ ಕನ್ಯಾಸ್ತ್ರೀಯೊಬ್ಬರು ಕಂಪ್ಯೂಟರಿನ ಮುಂದೆ ಕುಳಿತರು.

ಡಾರ್ಟ್‌ಮತ್‌ನಲ್ಲಿ ಹುಟ್ಟಿದ ಹೊಸ ವಿಚಾರ

ಆಗಿನ ಕಂಪ್ಯೂಟರ್ ಬಳಸುವ ರೀತಿ ಈಗಿನವರಿಗೆ ಊಹಿಸುವುದೂ ಕಷ್ಟ. ವಿದ್ಯಾರ್ಥಿಯು ತನ್ನ ಪ್ರೋಗ್ರಾಮನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಬರೆಯಬೇಕು. ಒಂದು ಸಾಲಿಗೆ ಒಂದು ಕಾರ್ಡು. ಕಾರ್ಡುಗಳ ಕಟ್ಟನ್ನು ಕಂಪ್ಯೂಟರ್ ಕೋಣೆಯ ಕಿಟಕಿಯಲ್ಲಿ ಒಪ್ಪಿಸಬೇಕು. ಒಳಗಿನ ನೌಕರರು ಎಲ್ಲರ ಕಟ್ಟುಗಳನ್ನು ಸಾಲಾಗಿಟ್ಟು ಒಂದಾದ ಮೇಲೊಂದರಂತೆ ಯಂತ್ರಕ್ಕೆ ಉಣಿಸುತ್ತಾರೆ. ಉತ್ತರ ಬರುವುದು ಮರುದಿನ. ಎಷ್ಟೋ ಸಲ ಆ ಉತ್ತರದಲ್ಲಿ ಇರುವುದು ಇಷ್ಟೇ: ಇಂತಹ ಸಾಲಿನಲ್ಲಿ ಒಂದು ಅಲ್ಪವಿರಾಮ ಬಿಟ್ಟುಹೋಗಿದೆ. ತಿದ್ದಿ ಮತ್ತೆ ಕೊಟ್ಟರೆ ಇನ್ನೊಂದು ದಿನ ಕಾಯಬೇಕು. ಲೆಕ್ಕ ತಪ್ಪಾದದ್ದು ಮಗುವಿಗೆ ಮರುದಿನ ತಿಳಿದರೆ ಅದು ಕಲಿಯುವುದಾದರೂ ಹೇಗೆ? ದೊಡ್ಡ ಸಂಶೋಧಕರಿಗೆ ಈ ಪದ್ಧತಿ ಸಾಕಾಗಿತ್ತು. ತರಗತಿಗೆ ಇದು ಹೊಂದುವಂತಹದಾಗಿರಲಿಲ್ಲ.

ಡಾರ್ಟ್‌ಮತ್‌ನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಎಂಬ ಇಬ್ಬರು ಗಣಿತ ಪ್ರಾಧ್ಯಾಪಕರಿದ್ದರು. ಅಲ್ಲಿಗೆ 1959ರಲ್ಲಿ ಎಲ್‌ಜಿಪಿ-30 ಎಂಬ ಸಣ್ಣ ಕಂಪ್ಯೂಟರ್ ಬಂತು. ಪದವಿ ತರಗತಿಯ ಹುಡುಗರೇ ಅದರಲ್ಲಿ ಒಳ್ಳೊಳ್ಳೆಯ ಪ್ರೋಗ್ರಾಂಗಳನ್ನು ಬರೆದುದನ್ನು ಕಂಡ ಅವರಿಬ್ಬರಿಗೆ ಒಂದು ವಿಚಾರ ಹೊಳೆಯಿತು. ಗಣಿತ, ವಿಜ್ಞಾನ ಓದುವವರು ಮಾತ್ರವಲ್ಲ, ಸಾಹಿತ್ಯ, ಇತಿಹಾಸ ಓದುವವರು ಸಹ ಕಂಪ್ಯೂಟರ್ ಬಳಸುವಂತಾಗಬೇಕು. ಅದಕ್ಕೆ ಎರಡು ವಸ್ತುಗಳು ಬೇಕಾಗಿದ್ದವು: ಎಲ್ಲರಿಗೂ ಅರ್ಥವಾಗುವ ಒಂದು ಭಾಷೆ, ಮತ್ತು ಒಂದೇ ಯಂತ್ರವನ್ನು ಹಲವರಿಗೆ ಒಮ್ಮೆಲೇ ಹಂಚಿಕೊಡುವ ಒಂದು ಆಪರೇಟಿಂಗ್ ಸಿಸ್ಟಂ.

ಆಪರೇಟಿಂಗ್ ಸಿಸ್ಟಂ ಎಂದರೆ ಕಂಪ್ಯೂಟರಿನ ಮೇಸ್ತ್ರಿ ಇದ್ದಂತೆ. ಯಾವ ಕೆಲಸ ಯಾವಾಗ ನಡೆಯಬೇಕು, ಯಾರಿಗೆ ಎಷ್ಟು ಹೊತ್ತು ಕೊಡಬೇಕು ಎಂದು ಅದು ನಿರ್ಧರಿಸುತ್ತದೆ. ಹಳೆಯ ಪದ್ಧತಿಯಲ್ಲಿ ಒಬ್ಬರ ಕೆಲಸ ಪೂರ್ತಿ ಮುಗಿದ ಮೇಲೆ ಇನ್ನೊಬ್ಬರ ಸರದಿ. ಹೊಸ ಪದ್ಧತಿಯನ್ನು ಒಂದು ತರಗತಿಗೆ ಹೋಲಿಸಬಹುದು. ನಲವತ್ತು ಮಕ್ಕಳು ಸ್ಲೇಟಿನಲ್ಲಿ ಲೆಕ್ಕ ಬಿಡಿಸುತ್ತಿರುವಾಗ ಟೀಚರು ಒಂದೇ ಮಗುವಿನ ಬಳಿ ಗಂಟೆಗಟ್ಟಲೆ ನಿಲ್ಲುವುದಿಲ್ಲ. ಬೆಂಚಿನಿಂದ ಬೆಂಚಿಗೆ ಸುತ್ತುತ್ತ ಪ್ರತಿಯೊಬ್ಬರ ಸ್ಲೇಟನ್ನು ಒಂದು ಕ್ಷಣ ನೋಡಿ ಮುಂದೆ ಹೋಗುತ್ತಾರೆ, ಮತ್ತೆ ಸುತ್ತಿ ಬರುತ್ತಾರೆ. ಅದೇ ರೀತಿ ಕಂಪ್ಯೂಟರ್ ಒಬ್ಬೊಬ್ಬರಿಗೆ ಕೆಲವು ಕ್ಷಣಗಳನ್ನು ಕೊಟ್ಟು ಸುತ್ತುತ್ತದೆ. ಯಂತ್ರದ ವೇಗದಿಂದಾಗಿ ಪ್ರತಿಯೊಬ್ಬರಿಗೂ ಅದು ತನ್ನೊಬ್ಬನದೇ ಎಂದು ತೋರುತ್ತದೆ. ಇದನ್ನು ಟೈಮ್ ಶೇರಿಂಗ್ ಎಂದು ಕರೆದರು.

1964ರ ಮೇ 1ರಂದು ಬೆಳಗಿನ ಜಾವ ಸುಮಾರು 4 ಗಂಟೆಗೆ ಡಾರ್ಟ್‌ಮತ್‌ನಲ್ಲಿ ಎರಡು ಟೆಲಿಟೈಪುಗಳಿಂದ ಏಕಕಾಲಕ್ಕೆ ಪ್ರೋಗ್ರಾಂಗಳನ್ನು ಓಡಿಸಲಾಯಿತು. ಎರಡಕ್ಕೂ ಸರಿಯಾದ ಉತ್ತರ ಬಂತು. ಹಾಗೆ ಹುಟ್ಟಿದ ಭಾಷೆಯೇ ಬೇಸಿಕ್. ಹೆಲೋ ಎಂದು ಬರೆದು ಒಳಹೋಗುವುದು, ರನ್ ಎಂದು ಬರೆದು ಓಡಿಸುವುದು, ಬೈ ಎಂದು ಬರೆದು ಹೊರಬರುವುದು. ನಾವು ಶಾಲೆಯಲ್ಲಿ ಮೊದಲ ಬಾರಿ ಕಂಪ್ಯೂಟರ್ ಕಲಿಯುವಾಗ ಹತ್ತು, ಇಪ್ಪತ್ತು, ಮೂವತ್ತು ಎಂದು ಸಾಲುಗಳಿಗೆ ಅಂಕೆ ಹಾಕಿ ಬರೆದದ್ದು ಈ ಭಾಷೆಯ ಮಕ್ಕಳು ಮೊಮ್ಮಕ್ಕಳಲ್ಲೇ.

ಬೇಸಿಕ್ ಭಾಷೆಯನ್ನು ರಚಿಸಿದವರಲ್ಲಿ ಸಿಸ್ಟರ್ ಕೆಲ್ಲರ್ ಒಬ್ಬರು ಎಂದು ಅನೇಕ ಕಡೆ ಬರೆಯಲಾಗಿದೆ. ಅಭಿಮಾನದಿಂದ ಬಂದ ಈ ಮಾತನ್ನು ಸ್ವಲ್ಪ ತಿದ್ದಿಕೊಳ್ಳುವುದು ಒಳ್ಳೆಯದು. ಭಾಷೆಯನ್ನು ರೂಪಿಸಿದವರು ಕೆಮೆನಿ ಮತ್ತು ಕರ್ಟ್ಸ್. ಯಂತ್ರವನ್ನು ಹಂಚುವ ಕೆಲಸವನ್ನು ಸಿದ್ಧಪಡಿಸಿದವರು ಅವರ ವಿದ್ಯಾರ್ಥಿಗಳು. ಸಿಸ್ಟರ್ ಕೆಲ್ಲರ್ ಅಲ್ಲಿಂದ ತಂದದ್ದು ಅದಕ್ಕಿಂತ ಕಡಿಮೆಯದಲ್ಲ. ಕಂಪ್ಯೂಟರ್ ಕೆಲವೇ ಪರಿಣತರ ಸೊತ್ತಲ್ಲ, ಅದು ಕಲಿಯುವ ಪ್ರತಿಯೊಬ್ಬರಿಗೂ ಸೇರಿದ್ದು ಎಂಬ ವಿಚಾರವನ್ನು ಅವರು ತಮ್ಮೊಂದಿಗೆ ಒಯ್ದು, ಉಳಿದ ಜೀವಿತವನ್ನೆಲ್ಲ ಅದಕ್ಕಾಗಿ ಸವೆಸಿದರು. ಇಲ್ಲದ ಕಿರೀಟವನ್ನು ತೊಡಿಸಿದರೆ ಇರುವ ಕಿರೀಟ ಮರೆಯಾಗುತ್ತದೆ.

51ನೇ ವಯಸ್ಸಿನಲ್ಲಿ ಡಾಕ್ಟರೇಟ್

ಅದುವರೆಗೆ ಕಂಪ್ಯೂಟರ್ ಕ್ಷೇತ್ರದಲ್ಲಿ ದುಡಿದ ಹಿರಿಯರ ಪದವಿಗಳು ಸಾಮಾನ್ಯವಾಗಿ ಗಣಿತದಲ್ಲಿ ಅಥವಾ ಇಂಜಿನಿಯರಿಂಗ್‌ನಲ್ಲಿ ಇರುತ್ತಿದ್ದವು. ಪ್ರಸಿದ್ಧ ಗ್ರೇಸ್ ಹಾಪರ್‌ರವರ ಡಾಕ್ಟರೇಟ್ ಕೂಡ ಗಣಿತದಲ್ಲೇ. 1960ರ ದಶಕದಲ್ಲಿ ಕೆಲವು ವಿಶ್ವವಿದ್ಯಾನಿಲಯಗಳು ಕಂಪ್ಯೂಟರ್ ವಿಜ್ಞಾನವನ್ನು ಪ್ರತ್ಯೇಕ ವಿಷಯವಾಗಿ ಒಪ್ಪಿಕೊಳ್ಳತೊಡಗಿದವು. ಈ ಹೊಸ ವಿಷಯದಲ್ಲಿ ಸಂಶೋಧನೆ ನಡೆಸಲು ಸಿಸ್ಟರ್ ಕೆಲ್ಲರ್ ವಿಸ್ಕಾನ್ಸಿನ್‌ಗೆ ಹೋದರು. ಜೊತೆಯಲ್ಲಿ ಕಲಿಯುವ ಹೆಚ್ಚಿನವರು ಅವರಿಗಿಂತ ಒಂದು ತಲೆಮಾರಿನಷ್ಟು ಕಿರಿಯರು.

ಅವರ ಪ್ರಬಂಧದ ವಿಷಯ, ಕಂಪ್ಯೂಟರ್ ತಾನೇ ಉಂಟುಮಾಡಿದ ಮಾದರಿಗಳಿಂದ ನಿಯಮವನ್ನು ಊಹಿಸಿ ತೆಗೆಯುವುದು. ಇದನ್ನು ಸರಳವಾಗಿ ಹೀಗೆ ಹೇಳಬಹುದು. ಪಿಯುಸಿಯಲ್ಲಿ ಗಣಿತ ಓದಿದವರಿಗೆ ಅವಕಲನ, ಅಂದರೆ ಡಿಫರೆನ್ಶಿಯೇಶನ್, ನೆನಪಿರಬಹುದು. ಎಕ್ಸ್‌ನ ವರ್ಗ ಕೊಟ್ಟರೆ ಉತ್ತರ 2 ಎಕ್ಸ್. ಎಕ್ಸ್‌ನ ಘನ ಕೊಟ್ಟರೆ ಉತ್ತರ 3 ಎಕ್ಸ್‌ನ ವರ್ಗ. ಇಂತಹ ನಾಲ್ಕಾರು ಉದಾಹರಣೆಗಳನ್ನು ನೋಡಿದ ಚುರುಕು ವಿದ್ಯಾರ್ಥಿ, ಟೀಚರು ಹೇಳುವ ಮೊದಲೇ ನಿಯಮವನ್ನು ತಾನೇ ಕಂಡುಕೊಳ್ಳುತ್ತಾನೆ. ಹೀಗೆ ಬಿಡಿ ಉದಾಹರಣೆಗಳಿಂದ ಸಾಮಾನ್ಯ ನಿಯಮಕ್ಕೆ ಬರುವುದನ್ನು ತರ್ಕಶಾಸ್ತ್ರದಲ್ಲಿ ಅನುಗಮನ ಎನ್ನುತ್ತಾರೆ. ಯಂತ್ರವೂ ಈ ದಾರಿಯಲ್ಲಿ ನಡೆಯಬಲ್ಲುದೇ ಎಂಬುದು ಅವರ ಪ್ರಶ್ನೆ. ಬೀಜಗಣಿತದ ಪದಗಳ ಅವಕಲನವನ್ನು ಅಂಕೆಗಳಲ್ಲಲ್ಲದೆ ಅಕ್ಷರರೂಪದಲ್ಲೇ ಮಾಡುವ ವಿಧಾನಗಳನ್ನು ಅವರು ರಚಿಸಿದರು. ಪ್ರೋಗ್ರಾಂಗಳನ್ನು ಸಿಡಿಸಿ ಕಂಪನಿಯ ಯಂತ್ರಗಳಿಗಾಗಿ ಇದ್ದ ಫೋರ್ಟ್ರಾನ್ 63 ಭಾಷೆಯಲ್ಲಿ ಬರೆದರು.

ಹೆಚ್ಚಿನವರು ಕಂಪ್ಯೂಟರನ್ನು ಬರೀ ಕೂಡಿಸಿ ಕಳೆಯುವ ಯಂತ್ರವೆಂದು ತಿಳಿದಿದ್ದ ಕಾಲವದು. ಅದು ಉದಾಹರಣೆಗಳಿಂದ ಕಲಿಯಬಲ್ಲುದೇ ಎಂದು ಟೀಚರೊಬ್ಬರು ಆಗಲೇ ಕೇಳಿದರು. ಇಂದು ಎಲ್ಲರ ಬಾಯಲ್ಲಿರುವ ಕೃತಕ ಬುದ್ಧಿಮತ್ತೆಯ ಹಿಂದೆಯೂ ಇದೇ ಪ್ರಶ್ನೆಯಿದೆ. ಮಕ್ಕಳು ಹೇಗೆ ಕಲಿಯುತ್ತಾರೆ ಎಂದು ಹಲವು ವರ್ಷ ಹತ್ತಿರದಿಂದ ಕಂಡವರಿಗೆ ಅಂತಹ ಪ್ರಶ್ನೆ ಹೊಳೆದುದರಲ್ಲಿ ಆಶ್ಚರ್ಯವಿಲ್ಲ.

ಮರಳಿ ತರಗತಿಗೆ

ಪಿಎಚ್.ಡಿ. ಪಡೆದ ಅದೇ 1965ರಲ್ಲಿ ಸಿಸ್ಟರ್ ಕೆಲ್ಲರ್ ಕ್ಲಾರ್ಕ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ವಿಭಾಗವನ್ನು ಸ್ಥಾಪಿಸಿದರು. ದೊಡ್ಡ ವಿಶ್ವವಿದ್ಯಾನಿಲಯಗಳಲ್ಲೇ ಇಂತಹ ವಿಭಾಗಗಳು ಬೆರಳೆಣಿಕೆಯಷ್ಟಿದ್ದ ದಿನಗಳಲ್ಲಿ ಒಂದು ಸಣ್ಣ ಮಹಿಳಾ ಕಾಲೇಜು ಆ ಸಾಹಸಕ್ಕೆ ಕೈ ಹಾಕಿತು. ಸುಮಾರು 20 ವರ್ಷ ಅವರು ಆ ವಿಭಾಗವನ್ನು ಮುನ್ನಡೆಸಿದರು.

ಕಂಪ್ಯೂಟರ್ ಆಗ ಸಣ್ಣ ಕಾಲೇಜುಗಳ ಅಳವಿಗೆ ಮೀರಿದ ವಸ್ತು. ಉಪಕರಣಗಳಿಗಾಗಿ ಅವರು ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಿಂದ 25,000 ಡಾಲರ್ ಅನುದಾನವನ್ನು ಪಡೆದರು. ಎರಡು ವರ್ಷಗಳಲ್ಲಿ ಸಿಗುವ ಹಣವದು. ಪದವಿ ವಿದ್ಯಾರ್ಥಿಗಳ ಕಲಿಕೆಗೆ ಬೇಕಾದ ಸಲಕರಣೆಗಳನ್ನು ಕೊಳ್ಳುವುದಕ್ಕೆಂದೇ ಕೊಟ್ಟದ್ದು. ದೊಡ್ಡ ವಿಶ್ವವಿದ್ಯಾನಿಲಯಗಳ ಲೆಕ್ಕದಲ್ಲಿ ಅದು ಸಣ್ಣ ಮೊತ್ತ. ಆದರೆ ಒಂದು ಬಾಗಿಲು ತೆರೆಯಲು ಅದು ಸಾಕಾಯಿತು.

ಆ ಬಾಗಿಲಿನೊಳಗೆ ಯಾರು ಬರಬೇಕು ಎಂಬ ವಿಷಯದಲ್ಲಿ ಅವರ ನಿಲುವು ಸ್ಪಷ್ಟವಾಗಿತ್ತು. ಕಂಪ್ಯೂಟರ್ ಕೆಲಸಕ್ಕೆ ಬೇಕಾದ ತಾಳ್ಮೆ ಮತ್ತು ಬುದ್ಧಿ ಹೆಣ್ಣುಮಕ್ಕಳಲ್ಲಿದೆ, ಅವಕಾಶ ಮಾತ್ರ ಇಲ್ಲ ಎಂದು ಅವರು ನಂಬಿದ್ದರು. ಮದುವೆಯಾಗಿ ಮಕ್ಕಳಾದ ಮೇಲೆ ಓದು ನಿಂತಿತೆಂದು ಕೊರಗುವ ಸ್ತ್ರೀಯರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ದುಡಿಯುವ ತಾಯಂದಿರು ಕಲಿಯಲು ಬರಬೇಕೆಂದು ಸಿಸ್ಟರ್ ಕೆಲ್ಲರ್ ಉತ್ತೇಜಿಸಿದರು. ಮಗುವನ್ನು ನೋಡಿಕೊಳ್ಳುವವರಿಲ್ಲವೆಂದರೆ, ಮಗುವನ್ನೂ ಎತ್ತಿಕೊಂಡೇ ತರಗತಿಗೆ ಬರುವಂತೆ ಹೇಳುತ್ತಿದ್ದರು. ಇಂದಿಗೂ ಎಷ್ಟು ಕಾಲೇಜುಗಳಲ್ಲಿ ಹಾಲುಗೂಸನ್ನು ಎತ್ತಿಕೊಂಡ ತಾಯಿಗೆ ಬೆಂಚಿನಲ್ಲಿ ಜಾಗ ಸಿಕ್ಕೀತು? 1960, 70ರ ದಶಕಗಳಲ್ಲಿ ಕನ್ಯಾಸ್ತ್ರೀಯೊಬ್ಬರು ಅದನ್ನು ತೀರ ಸಹಜವೆಂಬಂತೆ ಮಾಡಿ ತೋರಿಸಿದರು. ಯಾವ ನಿಯಮಾವಳಿಗಿಂತಲೂ ಅವರಿಗೆ ಕಲಿಯಲು ಬಂದವಳ ಆಸೆಯೇ ದೊಡ್ಡದಾಗಿತ್ತು.

ಲೆಕ್ಕವನ್ನು ಬದುಕಿಗೆ ಜೋಡಿಸಿದರು

ಸಿಸ್ಟರ್ ಕೆಲ್ಲರ್ ಬರೆದ ಪಾಠಪುಸ್ತಿಕೆಗಳು ಅವರ ಬೋಧನಾಕ್ರಮವನ್ನು ಚೆನ್ನಾಗಿ ತೋರಿಸುತ್ತವೆ. ಪದವಿ ತರಗತಿಗಳ ಗಣಿತವನ್ನು ನಿಜಜೀವನದ ಸಮಸ್ಯೆಗಳೊಂದಿಗೆ ಕಲಿಸುವುದಕ್ಕಾಗಿ ಅಮೆರಿಕದಲ್ಲಿ ಯುಮ್ಯಾಪ್ ಎಂಬ ಯೋಜನೆ ನಡೆಯಿತು. ಅದಕ್ಕಾಗಿ ಅವರು ನಾಲ್ಕು ಪುಸ್ತಿಕೆಗಳನ್ನು ಸಿದ್ಧಪಡಿಸಿದರು. ಒಂದು ವಿದ್ಯುತ್ ಮಂಡಲಗಳ ಬಗ್ಗೆ, ಇನ್ನೊಂದು ಕಂಪ್ಯೂಟರ್ ಚಿತ್ರಗಳ ಬಗ್ಗೆ, ಮತ್ತೊಂದು ಮಾರ್ಕೊವ್ ಸರಣಿಗಳ ಬಗ್ಗೆ, ನಾಲ್ಕನೆಯದು ಅಡುಗೆ ಮತ್ತು ಊಟದ ವ್ಯವಸ್ಥೆಯ ಬಗ್ಗೆ.

ಊಟದ ವ್ಯವಸ್ಥೆಗೂ ಕಂಪ್ಯೂಟರಿಗೂ ಏನು ಸಂಬಂಧ? ನಮ್ಮ ಹಾಸ್ಟೆಲೊಂದರ ಅಡುಗೆಮನೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಮಕ್ಕಳಿಗೆ ದಿನಕ್ಕೆ ಇಷ್ಟು ಪ್ರೊಟೀನ್ ಸಿಗಲೇಬೇಕು, ಇಷ್ಟು ಕಬ್ಬಿಣದ ಅಂಶ ಸಿಗಲೇಬೇಕು. ಅಕ್ಕಿ, ಬೇಳೆ, ಮೀನು, ಮೊಟ್ಟೆ, ತರಕಾರಿ ಒಂದೊಂದಕ್ಕೂ ಬೇರೆಬೇರೆ ಬೆಲೆ. ಯಾವುದನ್ನು ಎಷ್ಟು ತಂದರೆ ಮಕ್ಕಳ ಹೊಟ್ಟೆಯೂ ತುಂಬಿ ಖರ್ಚೂ ಅತಿ ಕಡಿಮೆಯಾಗುತ್ತದೆ? ವಾರ್ಡನ್ ಸಿಸ್ಟರ್ ಅನುಭವದಿಂದ ಅಂದಾಜು ಮಾಡುತ್ತಾರೆ. ಸಿಂಪ್ಲೆಕ್ಸ್ ಎಂಬ ಗಣಿತ ವಿಧಾನವು ಅದನ್ನು ಕರಾರುವಾಕ್ಕಾಗಿ ಬಿಡಿಸುತ್ತದೆ. ಸಿಸ್ಟರ್ ಕೆಲ್ಲರ್ ತಮ್ಮ ಪುಸ್ತಿಕೆಯಲ್ಲಿ ಊಟದ ವ್ಯವಸ್ಥೆಯ ಲೆಕ್ಕಗಳನ್ನು ಗಣಿತದ ಮೂಲಕ ಕಲಿಸಿದರು.

ಮಾರ್ಕೊವ್ ಸರಣಿ ಎಂದರೆ ಇಂದಿನ ಸ್ಥಿತಿಯನ್ನು ತಿಳಿದು ನಾಳಿನ ಸಂಭವವನ್ನು ಲೆಕ್ಕ ಹಾಕುವ ಕ್ರಮ. ಒಂದು ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳಲ್ಲಿ ಕೆಲವರು ಎರಡನೇ ವರ್ಷಕ್ಕೆ ಹೋಗುತ್ತಾರೆ, ಕೆಲವರು ಅಲ್ಲೇ ಉಳಿಯುತ್ತಾರೆ, ಕೆಲವರು ಓದು ಬಿಡುತ್ತಾರೆ. ಪದವಿ ಪಡೆದವರೂ ಓದು ಬಿಟ್ಟವರೂ ಆ ಲೆಕ್ಕಕ್ಕೆ ಮರಳಿ ಬರುವುದಿಲ್ಲ. ಪ್ರತಿ ವರ್ಷದ ಪ್ರಮಾಣ ತಿಳಿದರೆ, ಸೇರಿದವರಲ್ಲಿ ಕೊನೆಗೆ ಎಷ್ಟು ಮಂದಿ ದಡ ಸೇರುತ್ತಾರೆಂದು ಮುಂಚಿತವಾಗಿ ಹೇಳಬಹುದು. ಇಂತಹ ಒಂದು ಉದಾಹರಣೆ ಕೊಟ್ಟರೆ ವಿದ್ಯಾರ್ಥಿಗೆ ಕೋಷ್ಟಕ ಗಣಿತದ ಹೆದರಿಕೆ ಅರ್ಧ ಹೋಗುತ್ತದೆ. ಬರೀ ಸೂತ್ರ ಕೊಟ್ಟು ಉರು ಹೊಡೆಸಿದರೆ ಪರೀಕ್ಷೆಯ ಮರುದಿನ ಅದು ಮರೆತುಹೋಗುತ್ತದೆ.

ಸಣ್ಣ ಕಾಲೇಜುಗಳ ಬಳಗ

ಒಂದು ಸಣ್ಣ ಕಾಲೇಜು ಒಂಟಿಯಾಗಿ ಹೆಚ್ಚು ದೂರ ಹೋಗಲಾರದು. ದೊಡ್ಡ ವಿಶ್ವವಿದ್ಯಾನಿಲಯದಲ್ಲಿ ಯಂತ್ರ ಕೆಟ್ಟರೆ ನೋಡಲು ಹತ್ತು ಮಂದಿ ಇರುತ್ತಾರೆ. ಸಣ್ಣ ಕಾಲೇಜಿನಲ್ಲಿ ಪಾಠ ಹೇಳುವವರೂ ಯಂತ್ರ ನೋಡಿಕೊಳ್ಳುವವರೂ ಕಾಗದ ತುಂಬುವವರೂ ಒಬ್ಬರೇ. 1965ರಲ್ಲಿ ಐಬಿಎಂ ಕಂಪನಿಯು 1130 ಎಂಬ, ಆಗಿನ ಕಾಲಕ್ಕೆ ಅಗ್ಗವೆನ್ನಬಹುದಾದ ಕಂಪ್ಯೂಟರನ್ನು ಹೊರತಂದಿತು. ಅನೇಕ ಸಣ್ಣ ಕಾಲೇಜುಗಳು ಬಾಡಿಗೆಗೆ ಪಡೆದು ಬಳಸುವ ಮಟ್ಟಕ್ಕೆ ಅದು ಇಳಿದಿತ್ತು. ಅದನ್ನು ಬಳಸುವ ಕಾಲೇಜುಗಳವರು 1968ರ ಹೊತ್ತಿಗೆ ಒಂದು ಬಳಗವನ್ನು ಕಟ್ಟಿಕೊಂಡರು. ಒಬ್ಬರು ಬರೆದ ಪ್ರೋಗ್ರಾಂ ಇನ್ನೊಬ್ಬರಿಗೆ, ಒಬ್ಬರಿಗೆ ಗೊತ್ತಿದ್ದ ಉಪಾಯ ಎಲ್ಲರಿಗೆ. ಮುಂದೆ ಈ ಬಳಗವೇ ಶಿಕ್ಷಣದಲ್ಲಿ ಸಣ್ಣ ಕಂಪ್ಯೂಟರ್ ಬಳಸುವವರ ಸಂಘವಾಗಿ, ಆಸ್ಕ್ಯೂ ಎಂಬ ಹೆಸರಿನಿಂದ ಬೆಳೆಯಿತು. ಅದನ್ನು ಕಟ್ಟಿ ನಿಲ್ಲಿಸಲು ನೆರವಾದವರಲ್ಲಿ ಸಿಸ್ಟರ್ ಕೆಲ್ಲರ್ ಒಬ್ಬರು.

ಟೀಚರುಗಳಿಗೆ ಕಂಪ್ಯೂಟರ್ ಗೊತ್ತಿಲ್ಲದಿದ್ದರೆ ಮಕ್ಕಳಿಗೆ ಅದು ತಲುಪುವುದಿಲ್ಲ ಎಂಬುದನ್ನು ಅವರು ಬೇಗನೆ ಮನಗಂಡರು. ಹಾಗಾಗಿ ಶಿಕ್ಷಣದಲ್ಲಿ ಕಂಪ್ಯೂಟರ್ ಬಳಕೆ ಎಂಬ ವಿಷಯದಲ್ಲಿಯೇ ಕ್ಲಾರ್ಕ್ ಕಾಲೇಜಿನಲ್ಲಿ ಸ್ನಾತಕೋತ್ತರ ಕೋರ್ಸನ್ನು ನಡೆಸಿದರು. ಒಂದು ಕಾಲದಲ್ಲಿ ತಾವೇ ಶಿಕ್ಷಕರ ಶಿಬಿರಕ್ಕೆ ಹೋಗಿ ಕಲಿತವರು, ಈಗ ಇತರ ಶಿಕ್ಷಕರಿಗೆ ಕಲಿಸುವವರಾದರು.

ದೂರ ಕಂಡ ಕಣ್ಣು

ಜ್ಞಾನ ಎಷ್ಟೇ ಬೆಳೆದರೂ ಅದು ಬೇಕಾದವರ ಕೈಗೆ ಸಿಗದಿದ್ದರೆ ಪ್ರಯೋಜನವಿಲ್ಲ ಎಂಬುದು ಸಿಸ್ಟರ್ ಕೆಲ್ಲರ್‌ರವರ ವಿಚಾರವಾಗಿತ್ತು. ಮಾಹಿತಿಯು ಪ್ರವಾಹದಂತೆ ಹೆಚ್ಚುತ್ತಿದೆ, ಅದನ್ನು ಸಾಮಾನ್ಯರಿಗೆ ತಲುಪಿಸುವ ಸಾಧನ ಕಂಪ್ಯೂಟರ್ ಆಗಲಿದೆ ಎಂದು ಅವರು ಇಂಟರ್ನೆಟ್ ಮನೆಮನೆಗೆ ಬರುವುದಕ್ಕೆ ಬಹಳ ಮೊದಲೇ ಹೇಳುತ್ತಿದ್ದರು. ಮನುಷ್ಯನ ಯೋಚನಾಕ್ರಮವನ್ನು ಯಂತ್ರದಲ್ಲಿ ಅನುಕರಿಸಿ ನೋಡಲು ಸಾಧ್ಯವಾದುದರಿಂದ, ನಾವು ಹೇಗೆ ಕಲಿಯುತ್ತೇವೆಂಬುದನ್ನೇ ಇನ್ನಷ್ಟು ಚೆನ್ನಾಗಿ ತಿಳಿಯಬಹುದೆಂದೂ ಅವರು ಎಣಿಸಿದ್ದರು. ಯಂತ್ರವು ಟೀಚರ ಜಾಗವನ್ನು ಕಿತ್ತುಕೊಳ್ಳುತ್ತದೆಂಬ ಭಯ ಅವರಲ್ಲಿ ಕಾಣುವುದಿಲ್ಲ. ಒಳ್ಳೆಯ ಟೀಚರ ಕೈಯಲ್ಲಿ ಅದು ಇನ್ನೊಂದು ಸೀಮೆಸುಣ್ಣ, ಇನ್ನೊಂದು ಕರಿಹಲಗೆ.

ಕೊನೆಯ ವರ್ಷಗಳು

1979ರಲ್ಲಿ ಕ್ಲಾರ್ಕ್ ಕಾಲೇಜು ಗಂಡುಮಕ್ಕಳಿಗೂ ಪ್ರವೇಶ ಕೊಟ್ಟಿತು. 1984ರ ಮೇ 17ರಂದು ಕಾಲೇಜಿನಲ್ಲಿ ಭಾರೀ ಬೆಂಕಿ ಎದ್ದು ನಾಲ್ಕು ಕಟ್ಟಡಗಳು ನಾಶವಾದವು. ತಲೆಮಾರುಗಳಿಂದ ಸಿಸ್ಟರುಗಳು ಕಟ್ಟಿ ಬೆಳೆಸಿದ್ದು ಒಂದೇ ದಿನದಲ್ಲಿ ಬೂದಿಯಾಯಿತು. ಆದರೂ ಕಾಲೇಜು ಮುಚ್ಚಲಿಲ್ಲ. ಹಣದ ಚೀಲ ಸಮುದ್ರ ಪಾಲಾದಾಗಲೂ ಹಿಂತಿರುಗದ ಆ ಐವರು ಸ್ತ್ರೀಯರ ಮನೆತನವಲ್ಲವೇ ಅದು? ಹೊಸ ಕಟ್ಟಡಗಳು ಎದ್ದವು. 2010ರಲ್ಲಿ ಕ್ಲಾರ್ಕ್ ವಿಶ್ವವಿದ್ಯಾನಿಲಯವಾಯಿತು.

ಆದರೆ ಆ ಪುನರ್ನಿರ್ಮಾಣವನ್ನು ಪೂರ್ತಿಯಾಗಿ ಕಾಣುವ ಭಾಗ್ಯ ಸಿಸ್ಟರ್ ಕೆಲ್ಲರ್‌ರವರಿಗೆ ಇರಲಿಲ್ಲ. ಬೆಂಕಿ ಅನಾಹುತ ನಡೆದು ಎಂಟು ತಿಂಗಳು ತುಂಬುವ ಮೊದಲೇ, 1985ರ ಜನವರಿ 10ರಂದು, ಡುಬ್ಯೂಕ್‌ನಲ್ಲಿ ತಮ್ಮ 71ನೇ ವಯಸ್ಸಿನಲ್ಲಿ ಅವರು ದೈವಾಧೀನರಾದರು. ಕ್ಲಾರ್ಕ್‌ನ ಕಂಪ್ಯೂಟರ್ ಕೇಂದ್ರಕ್ಕೆ ಅವರ ಹೆಸರನ್ನಿಟ್ಟರು. ಕಂಪ್ಯೂಟರ್ ವಿಜ್ಞಾನ ಕಲಿಯುವ ವಿದ್ಯಾರ್ಥಿಗಳಿಗಾಗಿ ಅವರ ಹೆಸರಿನಲ್ಲಿ ವಿದ್ಯಾರ್ಥಿವೇತನವನ್ನೂ ಸ್ಥಾಪಿಸಲಾಯಿತು.

ಅವರ ಬದುಕು ನಮಗೆ ಹೇಳುವುದೇನು

ಸಿಸ್ಟರ್ ಮೇರಿ ಕೆನೆತ್ ಕೆಲ್ಲರ್‌ರವರನ್ನು ಈಗ ಸ್ಮರಿಸುವವರು ಹೆಚ್ಚಾಗಿ ಮೊದಲ ಮಹಿಳೆ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಮೊದಲಿಗರಾಗುವುದು ಒಂದು ದಿನದ ಘಟನೆ. ಅದಕ್ಕೆ ಮೊದಲು ಶಾಲೆಯ ದುಡಿಮೆ ಮತ್ತು ರಜೆಯ ಓದಿನ ದೀರ್ಘ ವರ್ಷಗಳಿದ್ದವು. ಅದರ ನಂತರ 20 ವರ್ಷಗಳ ತರಗತಿಯಿತ್ತು. ಈ ಎರಡನ್ನು ಬಿಟ್ಟರೆ ಆ ಒಂದು ದಿನಕ್ಕೆ ಅರ್ಥವಿಲ್ಲ.

ನಮ್ಮ ಶಾಲೆಗಳಲ್ಲಿ ಇಂದು ಕಂಪ್ಯೂಟರ್ ಕೋಣೆಗಳಿವೆ. ಕೆಲವು ಕಡೆ ಅವುಗಳಿಗೆ ಬೀಗವೂ ಇದೆ. ಮಕ್ಕಳು ಮುಟ್ಟಿದರೆ ಹಾಳಾದೀತೆಂಬ ಹೆದರಿಕೆ, ಹೇಳಿಕೊಡುವ ಟೀಚರಿಗೇ ಅಳುಕು. ಇನ್ನು ಈ ವಯಸ್ಸಿನಲ್ಲಿ ನಮಗೆಲ್ಲಿ ತಲೆಗೆ ಹತ್ತುತ್ತದೆ ಎನ್ನುವ ಶಿಕ್ಷಕ ಶಿಕ್ಷಕಿಯರು ಒಮ್ಮೆ ಈ ಭಗಿನಿಯನ್ನು ನೆನೆಯಬೇಕು. ತಮ್ಮ ಬಾಲ್ಯದಲ್ಲಿ ಹುಟ್ಟಿಯೇ ಇರದ ವಿಷಯವೊಂದನ್ನು ಅವರು ನಡುವಯಸ್ಸಿನಲ್ಲಿ ಅಕ್ಷರಾಭ್ಯಾಸದಿಂದ ಕಲಿತರು. 51ನೇ ವಯಸ್ಸಿನಲ್ಲಿ ಅದರಲ್ಲಿ ಡಾಕ್ಟರೇಟ್ ಪಡೆದರು. ಮತ್ತೆ ಆ ಕಲಿಕೆಯನ್ನು ತಮ್ಮ ಬಳಿಯೇ ಇಟ್ಟುಕೊಳ್ಳದೆ, ಸಣ್ಣ ಊರಿನ ಹೆಣ್ಣುಮಕ್ಕಳ ಮುಂದೆ, ಮಗುವನ್ನು ಎತ್ತಿಕೊಂಡು ಬಂದ ತಾಯಂದಿರ ಮುಂದೆ ತೆರೆದಿಟ್ಟರು.

ಬೀಗದ ಕೈ ಯಾರ ಬಳಿ ಇದೆಯೋ ಅವರು ಅದನ್ನು ತಿರುಗಿಸಬೇಕು. ಸಿಸ್ಟರ್ ಕೆಲ್ಲರ್ ಮಾಡಿದ್ದು ಇಷ್ಟೇ. ನಮ್ಮ ಟೀಚರುಗಳೂ ಇದನ್ನು ಮಾಡಬಲ್ಲರು.